ಕುದುರಿನ ಮೀನು, ಬಾವನ ಫೋಟೋ

ಆಗೆಲ್ಲ ನಮ್ಮ ಕಡೆ ಕ್ಯಾಮರಾ ಕಂಡರೆ ಗಂಡಸರು ಅಂಗಿ ಸರಿಮಾಡಿಕೊಳ್ಳುತ್ತಿದ್ದರು, ಹೆಂಗಸರು ತಲೆ ಸವರಿಕೊಳ್ಳುತ್ತಿದ್ದರು. ಫೋಟೋ ಬೇಕೆಂದರೆ ಕಡಬದಿಂದ ಪುತ್ತೂರಿಗೆ ಬಸ್ಸು ಹತ್ತಬೇಕಿತ್ತು. ಅಂಥ ಕಾಲದಲ್ಲಿ, ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ನನ್ನ ಅಕ್ಕನ ಗಂಡ ಬೊಂಬಾಯಿಯಿಂದ ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡು ಬಂದಿಳಿದರು. ಮದುವೆಯಾದ ಮೇಲೆ ಅವರ ಮೊದಲ ರಜೆ ಅದು. ಹೊಸ ಅಳಿಯ ಕೇಳಿದ್ದಕ್ಕೆ ಇಲ್ಲ ಎನ್ನಬಾರದು ಎಂಬುದು ನಮ್ಮ ಮನೆಯ ಕಾನೂನು. ಆ ಕಾನೂನನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ನಮ್ಮ ಗದ್ದೆಯ ಕೆಳಗೆ ಕುಮಾರಧಾರೆ ಎರಡಾಗಿ ಹರಿದು ನಡುವೆ ಒಂದು ಕುದುರು ಬಿಟ್ಟಿತ್ತು. ಬಿಳಿ ಮರಳು, ನಾಲ್ಕಾರು ಹೊಂಗೆಮರ, ಸುತ್ತಲೂ ನೀರು. ಅದರ ಒಂದು ಬದಿಗೆ ಆಳವಾದ ಮಡು. ನಾವು ಅದನ್ನು ಕಯ ಅನ್ನುತ್ತಿದ್ದೆವು. ಕಯದ ತುಂಬ ಪೆರುವೊಳು ಮೀನುಗಳು, ಒಂದೊಂದೂ ನನ್ನ ತೋಳಿನುದ್ದ. ಅಜ್ಜನ ಕಾಲದಿಂದಲೂ ಅಲ್ಲಿ ಯಾರೂ ಗಾಳ ಹಾಕಿದವರಲ್ಲ. ಸಂಜೆ ಅಪ್ಪ ಹೆಗಲ ಬೈರಾಸಿನಲ್ಲಿ ಹೊದಳು, ಅಂದರೆ ಭತ್ತದ ಅರಳು, ಕಟ್ಟಿಕೊಂಡು ನನ್ನನ್ನೂ ಕರೆದೊಯ್ಯುತ್ತಿದ್ದರು. ಬಂಡೆಯ ಮೇಲೆ ಕೂತು ನಾಲಗೆಯಿಂದ ‘ಟ್ಟೊ, ಟ್ಟೊ’ ಎಂದರೆ ಸಾಕು, ಕಪ್ಪು ಬೆನ್ನುಗಳೆಲ್ಲ ಮೇಲೆ ಬರುತ್ತಿದ್ದವು. ತುಟಿ ಹರಿದ ಒಂದಕ್ಕೆ ನಾನು ಅಜ್ಜಿ ಎಂದು ಹೆಸರಿಟ್ಟಿದ್ದೆ. ಅದು ಹೊದಳಿನ ಜೊತೆ ನನ್ನ ಬೆರಳನ್ನೂ ಚೀಪುತ್ತಿತ್ತು. ಕಚಗುಳಿಗೆ ನಾನು ಕಿರುಚುತ್ತಿದ್ದೆ.

“ಇವಕ್ಕೆ ಮನುಷ್ಯರ ಹೆದರಿಕೆ ಇಲ್ಲ ನೋಡು. ನಮ್ಮ ಹಿರಿಯರು ಹಾಗೆ ನಡ್ಕೊಂಡು ಬಂದದ್ದು” ಎನ್ನುತ್ತಿದ್ದರು ಅಪ್ಪ. ಎಷ್ಟು ಹೆಮ್ಮೆಯಿತ್ತು ಆ ಮಾತಿನಲ್ಲಿ!

ಕುದುರು ಕಂಡು ಬಾವ ಕುಣಿದಾಡಿದರು. “ದ್ವೀಪ ಮಾರಾಯ್ರೆ ಇದು! ಅಂಡಮಾನಿಗೆ ಎಂತಕ್ಕೆ ಹೋಗುದು?” ಅಮ್ಮ ಎಲೆಯಲ್ಲಿ ಬೇಯಿಸಿದ ಹಲಸಿನ ಗಟ್ಟಿ ಕಟ್ಟಿಕೊಟ್ಟರು. ಮೊದಲ ದಿನ ಹೊಂಗೆಮರ, ಹೊಂಗೆಮರದಡಿ ಅಕ್ಕ, ಅಕ್ಕನ ಹಿಂದೆ ಮುಳುಗುವ ಸೂರ್ಯ, ಎಲ್ಲದಕ್ಕೂ ಕ್ಲಿಕ್. ಎರಡನೆಯ ದಿನ ಹಕ್ಕಿಗಳ ಸರದಿ. ಬೆಳ್ಳಕ್ಕಿಗಳು ಇವರನ್ನು ಕಂಡದ್ದೇ ಆಚೆ ದಡಕ್ಕೆ ಹಾರಿದವು. ಹದ್ದುಗಳು ಕೆಳಗಿಳಿಯಲೇ ಇಲ್ಲ. ಬಾವನ ಮುಖ ಊದಿಕೊಂಡಿತು.

“ಮಾವ, ಬಾವಿಯ ಬಂಡೆ ಒಡೆಯಲಿಕ್ಕೆ ತಂದ ಮದ್ದಿನ ತೋಟೆ ಉಂಟಲ್ಲ, ಒಂದು ಈ ಕಯಕ್ಕೆ ಹಾಕಿದ್ರೆ? ಮೀನು ತೇಲ್ತದೆ, ಹಕ್ಕಿ ತನ್ನಿಂದ ತಾನೇ ಬರ್ತದೆ.”

ಅಪ್ಪ ಬೈಯುತ್ತಾರೆ ಎಂದೇ ಕಾದೆ. ಅವರು ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡರು. ಹಲ್ಲು ಕಿರಿದರು. “ಅದಕ್ಕೆಂತ, ಹಾಕುವ” ಎಂದರು.

“ಅಪ್ಪಾ, ನಮ್ಮ ಮೀನು!”

“ಬಾಯಿ ಮುಚ್ಚು. ಬಾವ ಅಪರೂಪಕ್ಕೆ ಬಂದದ್ದು.”

ನಾನು ಕೈಗೆ ಸಿಕ್ಕಿದ ಕಲ್ಲುಗಳನ್ನೆಲ್ಲ ಕಯಕ್ಕೆ ಎಸೆದೆ, ಅವು ಓಡಿಹೋಗಲಿ ಎಂದು. ಓಡಲಿಲ್ಲ. ತಿನ್ನಲು ಏನೋ ಬಿತ್ತೆಂದು ಇನ್ನಷ್ಟು ಹತ್ತಿರ ಬಂದವು. ಅಕ್ಕ ನನ್ನ ರಟ್ಟೆ ಹಿಡಿದು ಎಳೆದಳು. ಮನೆಯಿಂದ ತೋಟೆ ಬಂದ ಮೇಲೆ ಅಪ್ಪ ಬಂಡೆಯ ಮೇಲೆ ಕೂತರು. ಅದೇ ಜಾಗ, ಅದೇ ಬೈರಾಸು, ಅದೇ ಹೊದಳು. ‘ಟ್ಟೊ, ಟ್ಟೊ’ ಎಂದು ಕರೆದರು. ಬಂದವು, ಎಲ್ಲವೂ ಬಂದವು. ಅಪ್ಪ ಎದ್ದು ಹಿಂದೆ ಸರಿದರು. ಬಾವ ಬತ್ತಿಗೆ ಬೆಂಕಿ ಕೊಟ್ಟು ತೋಟೆ ಎಸೆದರು.

ನೀರು ಎದ್ದು ಬಿತ್ತು. ಬೆಳ್ಳಿಯಂಥ ಹೊಟ್ಟೆಗಳು ಮೇಲೆ ತೇಲಿದವು, ಕಿವಿರಿನಿಂದ ರಕ್ತ. ಹದ್ದುಗಳು ಎರಗಿದವು, ಬೆಳ್ಳಕ್ಕಿಗಳೂ ಬಂದವು. “ಬಂತು, ಬಂತು! ಆಹಾ!” ಎಂದು ಬಾವ ಕ್ಲಿಕ್ ಕ್ಲಿಕ್ ಎನಿಸುತ್ತಲೇ ಇದ್ದರು. ಥೂ! ಆ ‘ಆಹಾ’ ಇನ್ನೂ ನನ್ನ ಕಿವಿಯಲ್ಲಿದೆ.

ಸಂಜೆ ಅಡುಗೆಮನೆಯ ಮಣೆಯ ಮೇಲೆ ಹರಿದ ತುಟಿಯ ತಲೆ ಇತ್ತು. ಹುಳಿ, ಮೆಣಸು, ಕೊತ್ತಂಬರಿ ಅರೆದ ಘಮ ಮನೆಯಿಡೀ ಹರಡಿತ್ತು. ಅಪ್ಪ ಬೆರಳು ನೆಕ್ಕಿ, “ರುಚಿ ಉಂಟಲ್ಲ?” ಎಂದು ಅಳಿಯನ ಮುಖ ನೋಡಿದರು. ನಾನು ಬಟ್ಟಲು ಅತ್ತ ತಳ್ಳಿ ಅಂಗಳಕ್ಕೋಡಿದೆ. ಉಳಿದ ಮೀನುಗಳು ಕಲ್ಲಿನ ಸಂದಿಯಲ್ಲಿ ಕೊಳೆತು, ವಾರವಿಡೀ ಗಾಳಿ ಬೀಸಿದಾಗಲೆಲ್ಲ ನಾತ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಹದ್ದಿನ ಚಿತ್ರ ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು ನಮ್ಮ ಚಾವಡಿಗೆ ಬಂತು. ನೀರು ಬೆಳ್ಳಿಯ ಹಾಗೆ ಹೊಳೆಯುತ್ತಿದೆ ಎಂದು ಬಂದವರೆಲ್ಲ ಹೊಗಳಿದರು. ಅದು ನೀರಲ್ಲ ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ಮರುವರ್ಷ ಅವರೊಬ್ಬರೇ ಹೊದಳು ಕಟ್ಟಿಕೊಂಡು ಹೊಳೆಗೆ ಹೋದರು. ಕತ್ತಲಾಗುವವರೆಗೂ ‘ಟ್ಟೊ, ಟ್ಟೊ’ ಕೇಳುತ್ತಿತ್ತು. ಹೊದಳನ್ನು ಹಾಗೇ ವಾಪಸು ತಂದು ಕೋಳಿಗಳಿಗೆ ಹಾಕಿದರು.

ಅಪ್ಪ ಹೋಗಿ ಬಹಳ ಕಾಲವಾಯಿತು. ಕಳೆದ ಬೇಸಿಗೆಯಲ್ಲಿ ಕುದುರಿಗೆ ಹೋಗಿದ್ದೆ. ಕಯದಲ್ಲಿ ಮತ್ತೆ ಮೀನುಗಳಿವೆ, ಬೆರಳುದ್ದದವು. ಹೊದಳು ಎರಚಿದೆ, ಅಪ್ಪನ ಹಾಗೆಯೇ ನಾಲಗೆಯಲ್ಲಿ ಸದ್ದು ಮಾಡಿದೆ. ನನ್ನ ನೆರಳು ನೀರಿಗೆ ಬಿದ್ದದ್ದೇ ತಡ, ಎಲ್ಲವೂ ಬಂಡೆಯಡಿಗೆ ಓಡಿಹೋದವು. ಸರಿಯಾಗಿಯೇ ಮಾಡಿದವು.