ಕೋಟಿಗೆ ಹೋಗದ ನೂರೆಂಟು

ಭಾಗೀರಥಮ್ಮನವರನ್ನು ನಾನು ಮೊದಲು ಕಂಡದ್ದು ತಿ. ನರಸೀಪುರದಿಂದ ಸೋಸಲೆಗೆ ಹೋಗುವ ಬಸ್ಸಿನಲ್ಲಿ. ಕಿಟಕಿಯ ಪಕ್ಕ ಕುಳಿತಿದ್ದರು. ಮಾಸಿದ ಹಸಿರು ನೂಲಿನ ಸೀರೆ, ಮಡಿಲಲ್ಲಿ ಜಪಮಾಲೆಯ ಬಟ್ಟೆಚೀಲ. ಬಲಗೈ ಚೀಲದೊಳಗಿತ್ತು, ಬೆರಳು ಆಡುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಅವರ ಯಜಮಾನರು ವ್ಯಾಸರಾಜರು. ನಾನು ಆಗತಾನೇ ಕಾಲೇಜಿನಲ್ಲಿ ಗಣಿತ ಪಾಠ ಮಾಡಲು ಸೇರಿದ್ದೆ. ನನ್ನ ಕೈಲಿದ್ದ ಪುಸ್ತಕ ನೋಡಿ ಭಾಗೀರಥಮ್ಮನವರು ಮಾತಿಗೆಳೆದರು.

"ಲೆಕ್ಕದ ಮೇಷ್ಟ್ರಾ? ಯಾವೂರಪ್ಪ?"

"ಊಂ ಕಣಮ್ಮ. ಮುಡುಕುತೊರೆ, ಬೋರಯ್ಯನ ಮಗ."

"ಕೋಟಿನ ನೂರೆಂಟರಿಂದ ಭಾಗಿಸಿದ್ರೆ ಅರವತ್ನಾಲ್ಕು ಉಳಿಯತ್ತೆ. ಯಾಕೆ ಹೇಳು."

ವ್ಯಾಸರಾಜರು ತಿರುಗಿದರು. "ಬಸ್ಸಲ್ಲೂ ಶುರು ಮಾಡಿದ್ಯಾ? ದೇವರೇನು ಬ್ಯಾಂಕಿನ ಗುಮಾಸ್ತನೇನೇ?"

"ಗುಮಾಸ್ತ ಅಲ್ಲ. ಸಂಕಲ್ಪ ಮಾಡಿದೋಳು ನಾನು, ನೀವು ಸುಮ್ನಿರಿ."

ಆಮೇಲೆ ಅವರೇ ಎಲ್ಲ ಹೇಳಿದರು. ಮಗಳು ಶ್ರೀವಾಣಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವಂತೆ. ಮಗಳ ಹಾಸಿಗೆಯ ಪಕ್ಕ ಕುಳಿತು ತಾಯಿ ಕೋಟಿ ಧನ್ವಂತರಿ ನಾಮ ಜಪಿಸಿದ್ದರು. ಮಾಲೆಗೆ ನೂರೆಂಟು ಮಣಿ. ತೊಂಬತ್ತೆರಡು ಸಾವಿರದ ಐನೂರ ತೊಂಬತ್ತೆರಡು ಮಾಲೆ ಮುಗಿಸಿ, ಕೊನೆಯದನ್ನು ಅರವತ್ನಾಲ್ಕನೆಯ ಮಣಿಗೆ ನಿಲ್ಲಿಸಿದರು. ಕೋಟಿಯಾಯಿತೆಂದು ದೇವರಿಗೆ ಒಪ್ಪಿಸಿದರು. ಅದೇ ವಾರ ಶ್ರೀವಾಣಿ ತೀರಿಕೊಂಡಳು. ವೈಕುಂಠ ಸಮಾರಾಧನೆಗೆ ಬಂದ ಅವರ ದೊಡ್ಡಮ್ಮ, ಊಟದ ಎಲೆಯ ಮುಂದೆ ಕುಳಿತೇ ಅಂದರಂತೆ: "ಮಾಲೆಗೆ ನೂರೇ ಕಣೇ ಲೆಕ್ಕ. ಮಿಕ್ಕ ಎಂಟು ನಾಲಿಗೆ ತಪ್ಪಿದ್ದಕ್ಕೆ."

ಆ ಲೆಕ್ಕದಲ್ಲಿ ಕೋಟಿಗೆ ಲಕ್ಷ ಮಾಲೆ ಬೇಕು. ಹಾಗಾದರೆ ಸಂಕಲ್ಪ ಅರ್ಧದಲ್ಲೇ ನಿಂತಿತ್ತೇ, ಅದಕ್ಕೇ ಮಗಳು ಹೋದಳೇ? ಭಾಗೀರಥಮ್ಮನವರಿಗೆ ಬೇಕಿದ್ದ ಉತ್ತರ ಇದು.

ನಾನು ತಿಳಿದದ್ದನ್ನು ಹೇಳಿದೆ. ಕೋಟಿಯನ್ನು ಎಷ್ಟು ಒಡೆದರೂ ಸಿಗುವುದು ಎರಡು, ಐದು, ಇವೆರಡೇ. ನೂರೆಂಟರ ಒಳಗೆ ಮೂರಿದೆ. ಕೋಟಿಯೊಳಗೆ ಮೂರಿಲ್ಲ. ಆದ್ದರಿಂದ ಯಾರು ಎಣಿಸಿದರೂ ಶೇಷ ಉಳಿಯಲೇಬೇಕು.

"ನಿಮ್ ತಪ್ಪಲ್ಲ ಕಣಮ್ಮ, ಆ ಸಂಖ್ಯೆ ಗುಣವೇ ಅಂಗೆ," ಎಂದೆ.

ಅವರು ಚೀಲದೊಳಗಿನ ಮಣಿಯೊಂದನ್ನು ಸರಿಸಿದರು.

"ಕೋಟಿಗೆ ನೂರು ಹೋಗತ್ತಾ?"

"ಓಯ್ತದೆ. ಸರಿಯಾಗಿ ಲಕ್ಷ ಸಲ."

"ಏನೂ ಉಳಿಯಲ್ಲ?"

"ಇಲ್ಲ."

"ಹಾಗಾದ್ರೆ ದೊಡ್ಡಮ್ಮ ಹೇಳಿದ್ದೇ ಸರಿ. ಕೋಟಿ ಅಂತ ಇಟ್ಟೋರು ಶೇಷ ಉಳಿಯೋ ಹಾಗೆ ಇಡ್ತಾರಾ?"

"ಕೋಟಿ ಸಲ ದೇವ್ರ ಎಸ್ರು ಏಳಿದ್ದೀರಲ್ಲಮ್ಮ, ಅದು ಸುಳ್ಳಾ?"

"ಅವಳು ನರಳ್ದಾಗೆಲ್ಲ ನಾಲಿಗೆ ತಡವರಿಸ್ತಿತ್ತಪ್ಪ. ಅದನ್ನೂ ಎಣಿಸ್ಬಿಟ್ಟೆ."

ವ್ಯಾಸರಾಜರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಮುಂದಕ್ಕೆ ತಿರುಗಿದರು. ಸೋಸಲೆ ಬಂತು. ಗಂಡ ಕೈಹಿಡಿದು ಇಳಿಸಿಕೊಂಡರು.

ದೊಡ್ಡಮ್ಮನ ಲೆಕ್ಕದ ಲಕ್ಷ ಮಾಲೆಗೆ ಏಳು ಸಾವಿರದ ನಾನೂರ ಎಂಟು ಮಾಲೆ ಕಡಿಮೆಯಿತ್ತು. ಭಾಗೀರಥಮ್ಮನವರು ಈಗ ದಿನವೂ ಬೆಳಿಗ್ಗೆ ಸ್ನಾನ ಮುಗಿಸಿ, ಇಲ್ಲದ ಮಗಳ ಹೆಸರಿನಲ್ಲಿ ಅವನ್ನು ಜಪಿಸುತ್ತಿದ್ದಾರೆ.