ಅರಿವಳಿಕೆಯಿಂದ ಎದ್ದ ಕ್ರೇನ್ ಡ್ರೈವರ್

ವಿನೋಬನಗರದ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ಟೆಕ್ನಿಷಿಯನ್. ಡಾಕ್ಟರ್ ಮೇಡಂ ಪಕ್ಕ ನಿಂತು ಸಿರಿಂಜು, ಟ್ಯೂಬು ಕೊಡುವುದು ಸಂಬಳದ ಕೆಲಸ. ಅವರ ದನಿ ಅನುಕರಿಸುವುದು ಸಮಾಜಸೇವೆ. "ಕಣ್ಣು ಬಿಡೀ... ತಲೆ ಎತ್ತೀ... ಹಾಗೇ ಹಿಡ್ಕೊಳ್ಳೀ..." ಅವರು ಅಂದರೆ ರೋಗಿ ತಲೆ ಎತ್ತುತ್ತಾರೆ, ನಾನು ಅಂದರೆ ನರ್ಸ್‌ಗಳು ನಗುತ್ತಾರೆ.

ಆಪರೇಷನ್ನಿಗೆಂದು ಔಷಧಿ ಕೊಟ್ಟು ಸ್ನಾಯುಗಳನ್ನೆಲ್ಲ ಸಡಿಲ ಮಾಡಿರುತ್ತೇವೆ. ಉಸಿರನ್ನೂ ಯಂತ್ರವೇ ಆಡಿಸುತ್ತಿರುತ್ತದೆ. ಮುಗಿದ ಮೇಲೆ ಆ ಸಡಿಲ ಬಿಡಿಸುವ ಇನ್ನೊಂದು ಇಂಜೆಕ್ಷನ್ ಕೊಟ್ಟು, ಬಲ ಪೂರ್ತಿ ಬಂತೇ ಎಂದು ನೋಡಿಯೇ ಗಂಟಲಿನ ಟ್ಯೂಬು ತೆಗೆಯಬೇಕು. ಅವಸರ ಮಾಡಿದರೆ ಉಸಿರು ಸಾಲದೆ ಒದ್ದಾಡುತ್ತಾರೆ. ಪುಟ್ಟ ಮಕ್ಕಳು ಹೇಳಿದ ಮಾತು ಕೇಳುವವರಲ್ಲ. ಕಾಲು ಮಡಚಿ ನನ್ನ ಹೊಟ್ಟೆಗೆ ಜಾಡಿಸಿ ಒದ್ದರೆ ಅದೇ ಸಮಾಧಾನ. ದೊಡ್ಡವರು ತಲೆ ಎತ್ತಿ ಹಿಡಿದು ತೋರಿಸಬೇಕು.

ಆವತ್ತು ಪಿತ್ತಕೋಶದ ಕಲ್ಲು ತೆಗೆಸಿಕೊಂಡ ಅಜ್ಜ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಮಣಿಕಟ್ಟಿಗೆ ಸಣ್ಣ ಕರೆಂಟು ಕೊಟ್ಟು ಹೆಬ್ಬೆರಳು ಅದುರುವುದನ್ನು ನೋಡುವ ಯಂತ್ರ ಬಲ ಬಂದಂತೆಯೇ ತೋರಿಸಿತು. ಮೇಡಂಗೆ ಅದೊಂದೇ ಸಾಲದು.

"ಯಜಮಾನ್ರೇ, ತಲೆ ಎತ್ತಿ!"

ಅಜ್ಜ ಕಣ್ಣು ಬಿಟ್ಟರು, ಅಷ್ಟೇ. ನಾನು ಮೇಡಂ ದನಿಯಲ್ಲೇ ಇನ್ನೂ ಜೋರಾಗಿ ಕೂಗಿದೆ. ಊಹೂಂ. ಟ್ಯೂಬು ಕಚ್ಚಿಕೊಂಡು, ಕಣ್ಣಂಚಲ್ಲಿ ನೀರು ತುಂಬಿಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದರು. ತೆಗೆದರೆ ಉಸಿರಿನ ಭಯ, ಬಿಟ್ಟರೆ ಎಚ್ಚರವಾದ ಮನುಷ್ಯನಿಗೆ ಆ ಹಿಂಸೆ.

"ಅಯ್ಯೋ, ಅವರ ಕಿವಿ ಮಿಷನ್ ಹೊರಗೆ ಅಜ್ಜಿ ಹತ್ರ ಇದೆ," ಎಂದು ನರ್ಸ್ ತರಲು ಓಡಿದರು.

ಕಿವಿ ಕೇಳದವರ ಮುಂದೆ ಮಿಮಿಕ್ರಿ ಮಾಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು! ನಮ್ಮಪ್ಪನೂ ಅದೇ ಕಾರ್ಖಾನೆಯವರು. ಅಲ್ಲಿನ ಸದ್ದಿನಲ್ಲಿ ಬಾಯಿಗೆ ಬೆಲೆಯಿಲ್ಲ, ಕ್ರೇನ್‌ಗೆ ಕೆಳಗಿನಿಂದ ಕೈಯಲ್ಲೇ ಹೇಳಬೇಕು. ಮನೆಯಲ್ಲಿ ಅಪ್ಪ ಅದನ್ನು ಮಾಡಿ ತೋರಿಸುತ್ತಿದ್ದರು, ನಾನು ಅಪ್ಪನನ್ನು ಮಾಡಿ ತೋರಿಸುತ್ತಿದ್ದೆ.

ಅಜ್ಜನ ಮುಖದ ಮುಂದೆ ತೋರುಬೆರಳು ಮೇಲೆತ್ತಿ ಗಿರ್ರನೆ ತಿರುಗಿಸಿದೆ. ಎತ್ತು!

ಅಜ್ಜನ ಹುಬ್ಬು ಗಂಟಾಯಿತು. ತಲೆ ದಿಂಬಿನಿಂದ ಎದ್ದಿತು. ಮುಷ್ಟಿ ಬಿಗಿ ಹಿಡಿದು ತೋರಿಸಿದೆ. ನಿಲ್ಲಿಸು! ತಲೆ ಅಲುಗಾಡದೆ ಅಲ್ಲೇ ನಿಂತಿತು.

"ವಾಹ್! ಬಂತು, ಪೂರ್ತಿ ಬಂತು," ಎಂದು ಮೇಡಂ ಟ್ಯೂಬು ತೆಗೆಯಲು ಬಗ್ಗಿದರು. ತಲೆ ಇನ್ನೂ ಮೇಲೇ ಇದೆ. ಕತ್ತಿನ ನರ ಉಬ್ಬಿವೆ. ಅಜ್ಜ ನನ್ನ ಮುಷ್ಟಿಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ.

"ಮಾರಾಯ, ಇಳಿಸೋಕೆ ಹೇಳೋ ಅವರಿಗೆ!" ಎಂದರು ಮೇಡಂ.

ಗಡಿಬಿಡಿಯಲ್ಲಿ ಬೆರಳು ಕೆಳಗೆ ಮಾಡಿ ತಿರುಗಿಸಿದೆ. ತಲೆ ಮೆಲ್ಲಗೆ, ಒಂದಿಷ್ಟೂ ಕುಲುಕದೆ ದಿಂಬಿನ ಮೇಲೆ ಬಂದು ಕೂತಿತು. ಟ್ಯೂಬು ಬಂತು. ಅಜ್ಜ ಕೆಮ್ಮಿದರು, ಎದೆ ತುಂಬ ಉಸಿರೆಳೆದರು, ಮತ್ತೊಂದು ಎಳೆದರು. ಆಮೇಲೆ ಒಡೆದ ದನಿಯಲ್ಲಿ ನನ್ನನ್ನೇ ಹಿಡಿದರು:

"ಲೋಡ್ ಎತ್ತಿಸ್ಬಿಟ್ಟು ಮರೀತಾರೇನೋ, ಕತ್ತೆ?"