ಗುಲಾಬಿಯ ಬಲಗೈ ಮತ್ತು ಏಡಿಯ ಹಾಡು

೧೯೪೬ರಲ್ಲಿ ನಾನು ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಹುಟ್ಟೂರು ಸಾಲಿಗ್ರಾಮ, ತರಬೇತಿ ಆದದ್ದು ಮದರಾಸಿನಲ್ಲಿ. ಯುದ್ಧ ಮುಗಿದಿದ್ದರೂ ಅಕ್ಕಿ, ಸೀಮೆಎಣ್ಣೆ, ಬಟ್ಟೆಗಳಿಗೆ ಇನ್ನೂ ರೇಶನ್ ಇತ್ತು. ಬ್ಯಾಂಡೇಜಿನ ಬಟ್ಟೆಯನ್ನು ಒಗೆದು, ಕುದಿಸಿ, ಒಣಗಿಸಿ ಮತ್ತೆ ಬಳಸುತ್ತಿದ್ದೆವು. ಡಾಕ್ಟರು ಒಬ್ಬರೇ. ಹೆರಿಗೆಯಿಂದ ಹಾವಿನ ಕಡಿತದವರೆಗೆ ಎಲ್ಲಕ್ಕೂ ಅವರು, ಅವರ ಜೊತೆಗೆ ನಾನು.

ಆ ವರ್ಷದ ಆಷಾಢದಲ್ಲಿ ಹೆಮ್ಮಾಡಿಯ ಕಡೆಯಿಂದ ಸೀತು ಎಂಬ ತರುಣಿ ಮಗುವನ್ನೆತ್ತಿಕೊಂಡು ಬಂದಳು. ಮಗುವಿನ ಹೆಸರು ಗುಲಾಬಿ, ಎರಡೂವರೆ ವರ್ಷ. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಸೀತು ನೀರು ಸೇದಲು ಬಾವಿಕಟ್ಟೆಗೆ ಹೋಗಿದ್ದಾಗ ಮಗು ಒಲೆಯಿಂದ ಆಗಷ್ಟೇ ಇಳಿಸಿಟ್ಟ ಗಂಜಿಯ ಪಾತ್ರೆಗೆ ಬಲಗೈ ಅದ್ದಿತ್ತು. ಅಂಗೈ, ಬೆರಳು ಎಲ್ಲ ಬೆಂದಿದ್ದವು.

ಸುಟ್ಟ ಗಾಯ ನಿಧಾನವಾಗಿ ಮಾಯಿತು. ನವರಾತ್ರಿಯ ಹೊತ್ತಿಗೆ ಹೊಸ ಚರ್ಮ ಬಂತು. ಆದರೆ ಹಾಗೆ ಮಾಯುವಾಗ ಚರ್ಮ ಬಿಗಿದು ಸುರುಟಿಕೊಳ್ಳುತ್ತದೆ, ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ವೈದ್ಯಕೀಯದಲ್ಲಿ ಅದಕ್ಕೆ ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ಗುಲಾಬಿಯ ಕೈ ಮುಷ್ಟಿಯಾಗಿಯೇ ನಿಂತುಬಿಟ್ಟಿತು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಗಾಯ ವಾಸಿಯಾಯಿತು, ಕೈ ವಾಸಿಯಾಗಲಿಲ್ಲ. ದಿನವೂ ಬೆರಳು ಬಿಡಿಸಬೇಕು. ಬಿಟ್ಟರೆ ಮಂಗಳೂರಿಗೆ ಕಳಿಸಿ ಆಪರೇಷನ್ ಮಾಡಿಸಬೇಕು. ಅಲ್ಲಿಯೂ ಸರಿಯಾಗುತ್ತದೆಂಬ ಭರವಸೆ ನಾನು ಕೊಡಲಾರೆ.”

ಹೀಗಾಗಿ ಸೀತು ದಿನವೂ ದೋಣಿಯಲ್ಲಿ ಹೊಳೆ ದಾಟಿ ಮಗುವನ್ನು ಕರೆತರತೊಡಗಿದಳು. ನಾನು ಬಿಸಿನೀರಿನಲ್ಲಿ ಆ ಕೈಯನ್ನಿಟ್ಟು, ತೆಂಗಿನೆಣ್ಣೆ ತಿಕ್ಕಿ, ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದೆ. ಆಮೇಲೆ ಸ್ಪ್ಲಿಂಟ್, ಅಂದರೆ ತೆಳುವಾದ ಹಲಗೆಯ ತುಂಡು, ಇಟ್ಟು ಕಟ್ಟುತ್ತಿದ್ದೆ. ಮಗು ಕಿರುಚಿ ಕಿರುಚಿ ನೀಲಿಗಟ್ಟುತ್ತಿತ್ತು. ಕೆಲವೇ ದಿನಗಳಲ್ಲಿ ನನ್ನ ಬಿಳಿ ಸೀರೆ ಕಂಡರೆ ಸಾಕು, ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ತಾಯಿಯ ಹೆಗಲಿಗೆ ಮುಖ ಒತ್ತುತ್ತಿತ್ತು. ಹಲಗೆ ಬಿಚ್ಚಿದ ಕೂಡಲೇ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಮಗು ತಾನಾಗಿ ಬೆರಳಾಡಿಸದೆ ಪ್ರಯೋಜನವಿರಲಿಲ್ಲ.

ಚಪ್ಪಾಳೆ ತಟ್ಟಿ ಕರೆದೆ. ನನ್ನೂರಿನಲ್ಲಿ ಚಿಕ್ಕ ಮಕ್ಕಳಿಗೆ ಆಡಿಸುವಂತೆ ನನ್ನ ಅಂಗೈಯಲ್ಲಿ ಅನ್ನ ಕಲಸಿ ಉಣ್ಣಿಸುವ ಆಟ ಆಡಿ ತೋರಿಸಿದೆ. ಮಗು ಒಂದು ಕಣ್ಣಿನಿಂದ ನೋಡುತ್ತಿತ್ತು, ಅಷ್ಟೆ. ಸೀತು ಮಾತ್ರ ಗೋಡೆಗೆ ಒರಗಿ ಸುಮ್ಮನೆ ಕುಳಿತಿರುತ್ತಿದ್ದಳು. ಅವಳು ಮಗುವಿನ ಜೊತೆ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ.

ಕಾರ್ತಿಕದ ಒಂದು ಮಧ್ಯಾಹ್ನ ಹೊಳೆಯಾಚೆ ಬಾಣಂತಿಯೊಬ್ಬಳನ್ನು ನೋಡಲು ಹೋಗಬೇಕಿತ್ತು. ದೋಣಿಕಡವಿಗೆ ಬಂದರೆ ಸೀತು, ಗುಲಾಬಿ ಇಬ್ಬರೂ ದೋಣಿಗೆ ಕಾಯುತ್ತಿದ್ದರು. ನೀರು ಇಳಿದಿತ್ತು. ಕೆಸರಿನ ತೂತುಗಳಿಂದ ಸಣ್ಣ ಸಣ್ಣ ಏಡಿಗಳು ಹೊರಬಂದು ಓಡಾಡುತ್ತಿದ್ದವು. ಮಗು ಕುಕ್ಕರಗಾಲಿನಲ್ಲಿ ಕುಳಿತು ಅವನ್ನೇ ನೋಡುತ್ತಿತ್ತು. ನಾನು ಸ್ವಲ್ಪ ಹಿಂದೆಯೇ ನಿಂತೆ. ಆಗ ಸೀತು ಮಗುವಿನ ಎಡಗೈಯನ್ನು ಮುಷ್ಟಿ ಮಾಡಿಸಿ, ಮೆಲುದನಿಯಲ್ಲಿ ಹಾಡಿದಳು:

“ಏಡಿ ಏಡಿ, ಗೂಡ್ ಎಲ್ಲಿ?
ಹೊಳಿ ಬದಿ ಕೆಸ್ರಲ್ಲಿ.
ನೀರ್ ಇಳ್ದ್ ಹೊತ್ ಬಂತ್,
ಒಂದೊಂದೇ ಕಾಲ್ ಹೊರಗ್ ಬಂತ್.”

ಕೊನೆಯ ಸಾಲಿಗೆ ಬೆರಳುಗಳು ಒಂದೊಂದಾಗಿ ಮುಷ್ಟಿಯಿಂದ ಹೊರಬರಬೇಕು. ಎಲ್ಲ ಬಂದ ಮೇಲೆ ಏಡಿ ತಾಯಿಯ ತೋಳಿನ ಮೇಲೆ ಹತ್ತಿ, ಕುತ್ತಿಗೆಗೆ ಕಚಗುಳಿ ಇಡಬೇಕು. ಗುಲಾಬಿ ನಕ್ಕಳು. ಆ ಮಗು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹತ್ತಿರ ಹೋಗಿ ಕೇಳಿದೆ, “ಸೀತೂ, ಈ ಆಟ ಆ ಬಲಗೈಯಲ್ಲೂ ಆಡ್ಸುಕಾಗ್ದಾ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಆ ಕೈ ನಾನ್ ಮುಟ್ಟುದಿಲ್ಲೆ ಅಮ್ಮ. ನಾನ್ ಬಿಟ್ ಹೋದ್ದಕ್ಕೇ ಅಲ್ದಾ ಸುಟ್ಟದ್. ಅತ್ತೆಯೂ ಅದನ್ನೇ ಹೇಳ್ತ್ರ್.”

“ನೀರ್ ಸೇದುಕೆ ಹೋದ್ದ್ ನೀನ್, ಆಟಕ್ಕಲ್ಲ. ಕಾಣ್, ನಾನ್ ಬಿಡ್ಸಿರೆ ಅದಕ್ಕೆ ನೋವು. ನೀನ್ ಬಿಡ್ಸಿರೆ ಆಟ.”

ದೋಣಿ ಬಂತು, ಹತ್ತಿದೆವು. ದಾರಿಯುದ್ದಕ್ಕೂ ಸೀತು ಹೊಳೆಯನ್ನೇ ನೋಡುತ್ತಿದ್ದಳು. ಆಚೆ ದಡದಲ್ಲಿ ಇಳಿಯುವಾಗ, “ನಾಳೆ ನಾನೇ ಆಡ್ಸ್ತೆ” ಎಂದಳು.

ಮರುದಿನ ನಾನು ಬಿಸಿನೀರು, ಎಣ್ಣೆ ಎಲ್ಲ ಇಟ್ಟುಕೊಟ್ಟು ದೂರ ಕುಳಿತೆ. ಸೀತು ಮಗುವಿನ ಬಲಗೈಯನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದಳು. ಕಣ್ಣೀರು ಎಣ್ಣೆಯ ಬಟ್ಟಲಿಗೆ ಬೀಳುತ್ತಿತ್ತು. ಮಗುವೇ, “ಏಡಿ?” ಎಂದು ಕೇಳಿತು. ಸೀತು ಹಾಡತೊಡಗಿದಳು. ಹೆಬ್ಬೆರಳು ಸ್ವಲ್ಪ ಅಲುಗಿತು. ತೋರುಬೆರಳಿಗೆ ಬರುವಾಗ ಮಗು ನೋವಿನಿಂದ ಮುಖ ಕಿವುಚಿದರೂ ಕೈ ಎಳೆದುಕೊಳ್ಳಲಿಲ್ಲ.

“ಈ ಏಡಿಗೆ ಹೆದ್ರಿಕೆ” ಎಂದಿತು.

“ಹೌದ್ ಮಗಾ, ಅದ್ಕೆ ಹೆದ್ರಿಕೆ. ನಾಳೆ ಬತ್ತ್, ಇವತ್ ಇಷ್ಟೇ ಸಾಕ್” ಎಂದಳು ಸೀತು.

ಅಲ್ಲಿಂದ ಮುಂದೆ ನನ್ನ ಕೆಲಸ ಕಡಿಮೆಯಾಯಿತು. ತಾಯಿ, ಮಗು ದೋಣಿಯಲ್ಲಿ, ಜಗಲಿಯಲ್ಲಿ, ಬಚ್ಚಲಿನಲ್ಲಿ ಆಡಿದರು. ಹಾಡಿಗೆ ಹೊಸ ಸಾಲುಗಳು ಸೇರಿದವು. ಏಡಿ ಮುಂಬಯಿಗೆ ಹೋಗಿ ಅಪ್ಪಯ್ಯನನ್ನು ಕಂಡು ಬಂತು. ಬೈಯುತ್ತಿದ್ದ ಅತ್ತೆಯೂ ಕೊನೆಗೆ ಏಡಿಗೆ ತೋಳು ಕೊಟ್ಟರೆಂದು ಸೀತು ನನಗೆ ನಾಚುತ್ತ ಹೇಳಿದಳು. ಮಲಗುವಾಗ ಮಾತ್ರ ಹಲಗೆ ಕಟ್ಟುವುದನ್ನು ತಪ್ಪಿಸಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಅದಕ್ಕೂ ಅವರು ಏಡಿಯ ಹಾಸಿಗೆ ಎಂದು ಹೆಸರಿಟ್ಟರು.

ಶಿವರಾತ್ರಿಯ ಹೊತ್ತಿಗೆ ಡಾಕ್ಟರು ಪರೀಕ್ಷಿಸಿದರು. ಕಿರುಬೆರಳು ಬಾಗಿಯೇ ಉಳಿದಿತ್ತು, ಅದು ಪೂರ್ತಿ ನೆಟ್ಟಗಾಗಲೇ ಇಲ್ಲ. ಉಳಿದ ಬೆರಳುಗಳು ತೆರೆದುಕೊಳ್ಳುತ್ತಿದ್ದವು, ಹಿಡಿಯುತ್ತಿದ್ದವು. “ಆಪರೇಷನ್ ಬೇಡ” ಎಂದರು ಡಾಕ್ಟರು. ಸೀತು ಅವರಿಗೆ ಕೈ ಮುಗಿದು, ನನ್ನ ಕಡೆ ತಿರುಗಿದಳು.

“ಅಮ್ಮಾ, ನಿನ್ನೆ ಅದೇ ಕೈಯಲ್ಲಿ ಉಂಡಿತ್. ಒಂದ್ ತುತ್ತ್ ನನ್ ಬಾಯಿಗೂ ಇಟ್ಟಿತ್.”

ಹೇಳುತ್ತಲೇ ಅವಳು ಮಗುವಿನ ಬಾಗಿದ ಕಿರುಬೆರಳನ್ನು ಸವರಿದಳು.

ನನ್ನ ಸೇವೆ ಬೈಂದೂರು, ಬ್ರಹ್ಮಾವರ ಎಂದು ಮುಂದೆ ಬಹಳ ಕಡೆ ನಡೆಯಿತು. ಸುಟ್ಟ ಕೈ, ಮುರಿದ ಕೈ, ಜ್ವರದಲ್ಲಿ ಸೋತ ಕೈಗಳ ಮಕ್ಕಳು ಎಷ್ಟೋ ಬಂದರು. ಚಿಕ್ಕ ಮಗುವಿನ ಚಿಕಿತ್ಸೆ ತಾಯಿಯನ್ನು ಸಮಾಧಾನಪಡಿಸುವುದರಿಂದಲೇ ಶುರುವಾಗಬೇಕು ಎಂಬುದನ್ನು ಸೀತು ನನಗೆ ಕಲಿಸಿದ್ದಳು. ಹೀಗಾಗಿ ಗಾಯ ನೋಡಿದ ಕೂಡಲೇ ತಾಯಂದಿರನ್ನು ಕೇಳುತ್ತಿದ್ದೆ, “ಮನೆಯಲ್ಲಿ ಮಗಿನ್ ಒಟ್ಟಿಗೆ ಎಂತ ಆಟ ಆಡ್ತೆ?” ಅವರು ನಾಚಿಕೊಂಡು ಡಾಕ್ಟರ ಕೋಣೆಯ ಕಡೆ ನೋಡುತ್ತಿದ್ದರು. “ಇಲ್ಲೇ ಆಡ್ಕಾ?” ಎಂದು ಪಿಸುಗುಡುತ್ತಿದ್ದರು.

“ಹೌದ್, ಇಲ್ಲೇ” ಎಂದು ಹೇಳಿ, ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದೆ.